ಬೀಗರ ಜೀಪಿನಲ್ಲಿ ನೇಪಾಳಕ್ಕೆ

ಇಬ್ರಾಹಿಂಪುರ

ಪರದೇಶಕ್ಕೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಇಬ್ರಾಹಿಂಪುರದ ಮಂದಿ ಕೇಳುವ ಮೊದಲ ಪ್ರಶ್ನೆ, ವಿಮಾನದಲ್ಲಿ ಊಟಕ್ಕೆ ಏನು ಕೊಟ್ಟರು ಎಂಬುದು. ನಾನು ಹೋದದ್ದು ವಿಮಾನದಲ್ಲಲ್ಲ, ಬೀಗರ ಜೀಪಿನಲ್ಲಿ. ಊಟಕ್ಕೆ ಮನೆಯಿಂದ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಆದರೆ ದಾರಿಯುದ್ದಕ್ಕೂ ನಾನು ನುಂಗಿದ್ದು ಹೆಚ್ಚಾಗಿ ಮಾತು. ನೇಪಾಳದ ಹಿಮದ ಬೆಟ್ಟ ಹೇಗಿತ್ತು ಎಂದು ದಯವಿಟ್ಟು ಕೇಳಬೇಡಿ. ಅದಕ್ಕಿಂತ ಹೆಚ್ಚು ಹೊತ್ತು ನಾನು ನೋಡಿದ್ದು ಸ್ಟಿಯರಿಂಗ್ ಹಿಂದಿನ ಟೆಂಪರೇಚರ್ ಮುಳ್ಳನ್ನು.

ನಾನು ಗ್ಯಾರೇಜಿನವನು. ನಮ್ಮ ಹಿರಿಯರು ಕಾಖಂಡಕಿಯ ಕಡೆ ಕುರಿ ಕಾಯ್ದವರು. ನಾನು ಕುರಿ ಬಿಟ್ಟು ಇಂಜಿನ್ ಹಿಡಿದೆ. ರೈಲು ಹಳಿಯ ಬದಿಗೆ ನನ್ನದೊಂದು ತಗಡಿನ ಶೆಡ್ಡು ಇದೆ, ಅಮೋಘಿ ಮಿಸ್ತ್ರಿ ಎಂದರೆ ಸ್ಟೇಷನ್ ರಸ್ತೆಯ ಆಟೋದವರೆಲ್ಲ ದಾರಿ ತೋರಿಸುತ್ತಾರೆ. ವಿಜಯಪುರದ ಬಿಸಿಲು ನನ್ನ ಅನ್ನದಾತ. ಬೇಸಿಗೆ ಬಂತೆಂದರೆ ಬಾನೆಟ್ಟಿನಿಂದ ಹೊಗೆ ಎಬ್ಬಿಸಿಕೊಂಡು ಒಂದರ ಹಿಂದೊಂದು ಗಾಡಿ ಬರುತ್ತವೆ. ಇಂಜಿನ್ ತಣಿಸುವ ಕೂಲಂಟು ಕಾದ ಆ ವಾಸನೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ ಇರುತ್ತದಲ್ಲ, ಅದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ.

ನನ್ನ ಒಬ್ಬಳೇ ಮಗಳು ರೇಣುಕಾಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇನೆ. ಬೀಗರ ಹೆಸರು ಸಿದರಾಯಪ್ಪ. ಬಬಲೇಶ್ವರದಲ್ಲಿ ಮನೆ, ತಿಕೋಟಾದ ಹತ್ತಿರ ದ್ರಾಕ್ಷಿ ತೋಟ. ಒಳ್ಳೆಯ ಮನುಷ್ಯ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಬರುತ್ತದೋ ಇಲ್ಲವೋ. ಅವರು ನನ್ನೊಂದಿಗೆ ಒಮ್ಮೆಯೂ ದನಿ ಏರಿಸಿದವರಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ, ಇಬ್ಬರ ಹೊಟ್ಟೆಯೂ ಹಗುರಾಗುತ್ತಿತ್ತು.

ತಿಕೋಟಾ

ಪರದೇಶದ ಕಥೆಗೆ ತಿಕೋಟಾ ಯಾಕೆ ಬಂತು ಎಂದರೆ, ಜೀಪು ಮೊದಲ ಸಲ ಕುದ್ದದ್ದು ಅಲ್ಲಿ.

ಮದುವೆ ವಿಜಯಪುರದಲ್ಲಿ, ರಣಬಿಸಿಲಿನಲ್ಲಿ ಆಯಿತು. ಅದೇ ವಾರ ಬೀಗರು ಈ ಜೀಪನ್ನು ಕೊಂಡಿದ್ದರು. ಬೇರೆಯವರು ಓಡಿಸಿದ ಗಾಡಿಯೇ, ಆದರೆ ಅವರ ಮನೆಗೆ ಹೊಸದು. ತಾಳಿ ಕಟ್ಟಿದ ಮೇಲೆ ಮಗಳನ್ನು ಅದರಲ್ಲೇ ಕೂರಿಸಿಕೊಂಡು, ಮೊದಲು ತಿಕೋಟಾ ತೋಟದ ದೇವರಿಗೆ ಕಾಯಿ ಒಡೆಸಿ, ಆಮೇಲೆ ಬಬಲೇಶ್ವರದ ಮನೆ ತುಂಬಿಸಿಕೊಳ್ಳುವುದು ಎಂದಾಗಿತ್ತು. ಹಿಂದಿನ ಗಾಡಿಯಲ್ಲಿ ನಾನು. ತಿಕೋಟಾ ಊರು ಕಾಣುವಷ್ಟರಲ್ಲಿ ಮುಂದಿನ ಜೀಪಿನಿಂದ ಬುಸ್ಸೆಂದು ಹಬೆ ಎದ್ದಿತು.

ನಾನು ಹೊಸ ಧೋತರ ಎತ್ತಿ ಕಟ್ಟಿ ಓಡಿದೆ. ನೋಡಿದರೆ ರೇಡಿಯೇಟರಿನ ಮೇಲಿನ ಹೋಸ್ ಪೈಪಿನ ಕ್ಲಿಪ್ಪು ಸಡಿಲಾಗಿದೆ, ನೀರೆಲ್ಲ ದಾರಿಯಲ್ಲೇ ಸೋರಿದೆ. ಇಂಜಿನ್ ಆರುವ ತನಕ ಕಾದು, ಸ್ಕ್ರೂಡ್ರೈವರಿನಿಂದ ಕ್ಲಿಪ್ಪು ಬಿಗಿದು, ನೀರು ತುಂಬಿಸಿದೆ. "ಇಷ್ಟ ನೋಡ್ರಿ, ಏನೂ ಆಗಿಲ್ಲ" ಎಂದೆ.

ಆಗಿತ್ತು. ಬೇವಿನ ಮರದ ನೆರಳಿನಲ್ಲಿ ನಿಂತಿದ್ದ ಬೀಗಿತ್ತಿ ಲಗಮವ್ವ ಗಾಡಿಯನ್ನು ನೋಡುತ್ತಿರಲಿಲ್ಲ. ನನ್ನ ಮಗಳ ಕಾಲನ್ನು ನೋಡುತ್ತಿದ್ದರು. ಪಕ್ಕದ ಹೆಂಗಸಿಗೆ, ನನಗೆ ಕೇಳಿಸುವಷ್ಟು ಮೆಲ್ಲಗೆ ಅಂದರು: "ಇನ್ನಾ ಹೊಸ್ತಿಲಾ ದಾಟಿಲ್ಲ, ಆಗಲೇ ಹೊಗಿ ಎದ್ದೈತಿ ನೋಡ ಬೇ."

ಸೊಸೆ ಬಂದ ವಾರ ಎಮ್ಮೆ ಈದರೆ ಸೊಸೆಯ ಕಾಲ್ಗುಣ, ಎಮ್ಮೆ ಸತ್ತರೂ ಸೊಸೆಯ ಕಾಲ್ಗುಣ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಕ್ಲಿಪ್ಪು ಬಿಗಿಯಲು ಸ್ಕ್ರೂಡ್ರೈವರ್ ಇದೆ. ಈ ಲೆಕ್ಕ ಬಿಚ್ಚುವ ಪಾನಾ ನನ್ನ ಶೆಡ್ಡಿನಲ್ಲಿ ಇರಲಿಲ್ಲ.

ಬಬಲೇಶ್ವರ

ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸ ಶುರುವಾಗುವ ಮೊದಲು ಕಾಶಿಗೆ ಹೋಗಿ, ಹಾಗೇ ನೇಪಾಳವನ್ನೂ ಮುಗಿಸಿ ಬರೋಣ ಎಂದು ಬೀಗರು ಹೊರಟರು. ಮಗ, ಸೊಸೆ, ಹೆಂಡತಿ, ತಾವು. "ನೀವೂ ಬರಾಕs ಬೇಕ್ರಿ" ಎಂದು ನನಗೂ ಹೇಳಿದರು. ಮೊಣಕಾಲು ನೋವಿನ ನನ್ನ ಹೆಂಡತಿ ಮನೆಯಲ್ಲೇ ಉಳಿದು, "ನೀವು ಹೋಗ್ರಿ, ಮಗಳ ಮುಖಾ ಬರೋಬ್ಬರಿ ನೋಡಿ ಬರ್ರಿ" ಎಂದಳು.

ಬಬಲೇಶ್ವರದ ಮನೆಯ ಪಡಸಾಲೆಯಲ್ಲಿ ನನಗೆ ಕಂಬಳಿ ಹಾಸಿ ಕೂರಿಸಿದರು. ನಮ್ಮವರಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕರಿ ಕಂಬಳಿ ನಮಗೆ ಹೊದಿಕೆಯೂ ಹೌದು, ದೇವರೂ ಹೌದು. ಅದರ ಮೇಲೆ ಕಾಲಿಟ್ಟು ನಡೆಯುವುದಿಲ್ಲ, ಅದರ ಮೇಲೆ ಕೂತು ಸುಳ್ಳು ಹೇಳುವುದಿಲ್ಲ. ಮಗಳು ಚಹಾ ತಂದಳು. ಬೆರಳ ತುದಿಯಲ್ಲಿ ಸಣ್ಣ ಸಣ್ಣ ಗೀರು ಇದ್ದವು.

"ಏನಾತ ಬೇ ಕೈಗೆ?"

"ಏನಿಲ್ಲ ಯಪ್ಪಾ, ತಂತಿ ತಾಗೇತಿ."

ದ್ರಾಕ್ಷಿ ತೋಟವೆಂದರೆ ಎಲ್ಲಿ ನೋಡಿದರೂ ತಂತಿ. ನಾನು ಮುಂದೆ ಕೇಳಲಿಲ್ಲ.

ಹೊರಡುವ ಮೊದಲು ಬಾನೆಟ್ಟು ಎತ್ತಿ ನೋಡಿಬಿಡೋಣ ಎಂದು ಜೀಪಿನ ಹತ್ತಿರ ಹೋದೆ. ಬೀಗರು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಬೀಗ್ರ, ನೀವು ನಮ್ಮ ಗಾಡಿಗೆ ಕೈ ಹಚ್ಚಬಾರ್ದ್ರಿ. ಬೀಗರ ಕೈಲೆ ದುಡಿಸ್ಕೊಂಡ ಅಂತ ಊರ ಮಂದಿ ನನ್ನ ಮಾರಿ ಮ್ಯಾಲ ಉಗುಳತಾರ. ಆರಾಮ ಕುಂಡ್ರಿ."

ಕೈ ಕೆಸರಾದರೆ ಬಾಯಿ ಮೊಸರು ಎಂದು ಬದುಕಿದ ನನ್ನ ಕೈಯನ್ನು ಮರ್ಯಾದೆಯಿಂದಲೇ ಕಟ್ಟಿಹಾಕಿದರು. ಬೈದಿದ್ದರೆ ಬಿಡಿಸಿಕೊಳ್ಳಬಹುದಿತ್ತು.

ಕಾಶಿ

ಬಯಲು ದಾರಿಯಲ್ಲಿ ಟೆಂಪರೇಚರ್ ಮುಳ್ಳು ನಡುವಿಗಿಂತ ಒಂದು ಬೆರಳು ಮೇಲೆಯೇ ನಿಂತಿರುತ್ತಿತ್ತು. ಜೋರಾಗಿ ಓಡುವಾಗ ಇಳಿಯುತ್ತಿತ್ತು, ಪೇಟೆಯಲ್ಲಿ ಸಿಕ್ಕಿಕೊಂಡರೆ ಏರುತ್ತಿತ್ತು. ಚಾಲಕನ ಹಿಂದಿನ ಸೀಟಿನಲ್ಲಿ ಕೂತು, ಬೀಗರ ಹೆಗಲ ಮೇಲಿಂದ ನಾನು ಅದನ್ನೇ ನೋಡುತ್ತಿದ್ದೆ. ಎಲ್ಲರೂ ನರ್ಮದೆಗೆ ಕೈ ಮುಗಿದಾಗ ನಾನೂ ಮುಗಿದೆ, ಕಣ್ಣು ಮಾತ್ರ ಮುಳ್ಳಿನ ಮೇಲೆ. ಇಂಜಿನ್ನಿಗೆ ಜ್ವರ ಬಂದಿದೆ ಎಂದು ಗೊತ್ತಿದ್ದೂ ಡಾಕ್ಟರು ಹಿಂದಿನ ಸೀಟಿನಲ್ಲಿ ಕೂತು ಬಾಳೆಹಣ್ಣು ತಿನ್ನಬೇಕು.

ಒಮ್ಮೆ ಮೆಲ್ಲಗೆ ಹೇಳಿದೆ. "ಬೀಗ್ರ, ಮುಳ್ಳು ಸ್ವಲ್ಪ ಮ್ಯಾಲ ಐತೇನೋ ಅನಸ್ತೈತಿ."

ಬೀಗರು ನಕ್ಕರು. ಪಕ್ಕದಲ್ಲಿ ಕೂತಿದ್ದ ಲಗಮವ್ವ ನಗಲಿಲ್ಲ. ತಿರುಗಿ ಹಿಂದಿನ ಸೀಟಿನಲ್ಲಿದ್ದ ಸೊಸೆಯನ್ನು ಒಮ್ಮೆ ನೋಡಿದರು, ಅಷ್ಟೇ. ರೇಣುಕಾ ಸೆರಗು ಎಳೆದುಕೊಂಡು ಕಿಟಕಿಯ ಕಡೆ ಮುಖ ಮಾಡಿದಳು. ಮುಳ್ಳಿನ ಬಗ್ಗೆ ನಾನು ಆಡುವ ಒಂದೊಂದು ಮಾತಿಗೂ ಅವಳು ದಂಡ ಕಟ್ಟುತ್ತಾಳೆ ಎಂದು ನನಗೆ ಅಲ್ಲಿ ಅರ್ಥವಾಯಿತು. ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ. ಅದು ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಕಾಶಿಯಲ್ಲಿ ಎಲ್ಲರೂ ಗಂಗೆಯಲ್ಲಿ ಮುಳುಗಿದ್ದಾಗ ನಾನು ಕಳ್ಳನ ಹಾಗೆ ಜೀಪಿನ ಬಳಿ ಬಂದೆ. ಫ್ಯಾನ್ ಬೆಲ್ಟು ಬಿಗಿಯಾಗಿತ್ತು. ಪಕ್ಕದ ಡಬ್ಬಿಯಲ್ಲಿ ಕೂಲಂಟು ಗೆರೆಯ ತನಕ ಇತ್ತು. ಮುಂದೆ ನೋಡುವಷ್ಟರಲ್ಲಿ ಒದ್ದೆ ಮೈಯ ಬೀಗರು ಹಿಂದಿನಿಂದ, "ಬರ್ರಿ ಬೀಗ್ರ, ಚಾ ಕುಡಿಯೂಣು" ಎಂದರು. ಹೋಗಿ ಕುಡಿದೆ.

ಸೋನೌಲಿ

ಪರದೇಶ ಶುರುವಾಗುವುದು ಒಂದು ಕಮಾನಿನಿಂದ. ಈಚೆ ನಾವು, ಆಚೆ ನೇಪಾಳ, ನಡುವೆ ಎರಡೂ ದೇಶಗಳ ದನ ಯಾರನ್ನೂ ಕೇಳದೆ ಅಡ್ಡಾಡುತ್ತಿವೆ. ಬೀಗರಿಗೆ ಬಹಳ ನಿರಾಸೆಯಾಯಿತು. "ಇದೇನ್ರಿ ಫಾರಿನ್ನು? ನಮ್ಮ ತಿಕೋಟಾ ಬಸ್ ಸ್ಟ್ಯಾಂಡ್ ಇದಕಿಂತ ಚಲೋ ಐತಿ" ಎಂದರು. ಗಾಡಿಯ ಪರವಾನಗಿಯ ಸಾಲಿನಲ್ಲಿ ನಿಂತು ಬೆವರಿದ ಮೇಲೆ ಅದು ಪರದೇಶವೆಂದು ಒಪ್ಪಿಕೊಂಡರು.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅರ್ಧ ಗಂಟೆಯಾದರೂ ಇಟ್ಟುಕೊಂಡಿದ್ದರೆ ದೇಶಕ್ಕೊಂದು ತೂಕ ಬರುತ್ತಿತ್ತು ಎಂದು ಅಳಿಯ ಮಾಳಪ್ಪ ನಗೆಯಾಡಿದ. ಅಂಗಡಿ, ಹೋಟೆಲು ಎಲ್ಲೆಲ್ಲೂ ಗಲ್ಲೆಯ ಮೇಲೆ ಹೆಂಗಸರೇ. ಗಂಡಸರನ್ನು ದಾಯಿ, ಹೆಂಗಸರನ್ನು ದೀದಿ ಎಂದರೆ ಸಾಕು, ಊರೆಲ್ಲ ಅಣ್ಣ ಅಕ್ಕ. ನನ್ನ ವಿಜಯಪುರದ ಹಿಂದಿ ಕೇಳಿ ಅವರು ನಗುತ್ತಿದ್ದರು, ಅವರ ಹಿಂದಿ ಕೇಳಿ ನಾನು ನಗುತ್ತಿದ್ದೆ. ವ್ಯವಹಾರ ಸುಸೂತ್ರವಾಗಿ ನಡೆಯಿತು.

ಬುಟ್ವಲ್ಲಿನಲ್ಲಿ ಉಂಡ ಬೇಳೆ ಅನ್ನ ನೆನಪಿದೆ. ತಟ್ಟೆಯಲ್ಲಿ ಅನ್ನ ಮುಗಿಯಲು ಬಿಡುವುದಿಲ್ಲ, ಬೇಡವೆಂದರೂ ಬಡಿಸುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಬೀಗರೂಟಕ್ಕೂ ಅವರ ಹೋಟೆಲಿಗೂ ವ್ಯತ್ಯಾಸವಿಲ್ಲ. ರೇಣುಕಾ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಊರು ದಾಟಿದ ಕೂಡಲೇ ಗೋಡೆಯ ಹಾಗೆ ಬೆಟ್ಟ ಎದ್ದು ನಿಂತಿತ್ತು. ತಾನ್ಸೇನ್ ಎಂಬ ಊರಿನ ಮೇಲೆ ಪೋಖರಾಕ್ಕೆ ಹೋಗಲು ಜೀಪು ಅದನ್ನೇ ಏರಬೇಕಿತ್ತು.

ತಾನ್ಸೇನ್ ದಾರಿಯ ಏರು

ನಮ್ಮ ಜಿಲ್ಲೆಯ ಚಾಲಕರಿಗೆ ಬೆಟ್ಟ ಗೊತ್ತಿಲ್ಲ. ಬಬಲೇಶ್ವರದಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ ಎತ್ತರವೆಂದರೆ ಒಂದು ಹಳ್ಳದ ಸೇತುವೆ. ಇಲ್ಲಿ ಒಂದು ಕಡೆ ಕುಸಿಯಲು ಕಾದ ಕಲ್ಲು, ಇನ್ನೊಂದು ಕಡೆ ಪಾತಾಳದಲ್ಲಿ ನದಿ, ನಡುವೆ ಹೊಂಡ ಬಿದ್ದ ರಸ್ತೆ. ಜೀಪು ಎರಡನೇ ಗೇರಿನಲ್ಲಿ ನರಳುತ್ತ ಏರುತ್ತಿತ್ತು. ಮುಳ್ಳು ಕೆಂಪು ಗೆರೆ ಮುಟ್ಟಿತು. ನಾನು ಸೀಟಿನ ಹಿಡಿಕೆಯನ್ನು ಬಿಗಿ ಹಿಡಿದು ಕೂತೆ. ಅಷ್ಟರಲ್ಲಿ ಬೆಲ್ಲದ ಪಾಕ ಸೀದ ಆ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಸುತ್ತ ಬಿಳಿ ಹಬೆ ಎದ್ದು ರಸ್ತೆಯೇ ಕಾಣದಾಯಿತು.

ಅದೃಷ್ಟಕ್ಕೆ ಅಲ್ಲಿ ರಸ್ತೆ ಬದಿಗೆ ಒಂದು ನೀರಿನ ಧಾರೆ, ಅದರ ಪಕ್ಕ ಹಳೆಯ ಟೈರು ತೂಗುಬಿಟ್ಟ ಸಣ್ಣ ಗ್ಯಾರೇಜು ಇತ್ತು. ಜೀಪು ನಿಂತದ್ದೇ ತಡ, ಅಳಿಯ ಜಿಗಿದಿಳಿದು ಕ್ಯಾನಿನಲ್ಲಿ ಧಾರೆಯ ನೀರು ತುಂಬಿ, ಬಾನೆಟ್ಟು ಎತ್ತಿ, ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಲೇ ಮಾಳ್ಯಾ! ಕೈ ತಗಿ!"

ಕೂಗಿದ್ದು ನಾನು. ಆ ಮುಚ್ಚಳ ತಿರುಗಿದ್ದರೆ ಕುದಿನೀರು ಅವನ ಮುಖವನ್ನೇ ಬೇಯಿಸುತ್ತಿತ್ತು. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದಿದ್ದರೆ ಅದರ ತಲೆಭಾಗ, ಹೆಡ್ಡು, ಸೀಳುತ್ತಿತ್ತು. ಅವನು ಕೈ ತೆಗೆದ, ಮುಖ ಉಳಿಯಿತು, ಇಂಜಿನ್ ಉಳಿಯಿತು. ಆದರೆ ಹೆಣ್ಣು ಕೊಟ್ಟ ಮಾವ ಅಳಿಯನಿಗೆ, ಅದೂ ಅವನ ತಾಯಿಯ ಎದುರು, ಲೇ ಎಂದಿದ್ದ.

ಮೊದಲು ಬಾಯಿ ತೆರೆದವರು ಲಗಮವ್ವ. "ಒದರಾಡಾಕ ಹೋಗಬ್ಯಾಡ್ರಿ ಬೀಗ್ರ. ತಿಕೋಟಾದಾಗ ಎದ್ದ ಹೊಗಿ ಇದು. ಬೆನ್ನ ಹತ್ತಿ ಇಲ್ಲೀಮಟಾ ಬಂದೈತಿ."

ರೇಣುಕಾ ಧಾರೆಯ ಪಕ್ಕ ಕಲ್ಲಿನ ಮೇಲೆ ಕೂತು ತನ್ನ ಕಾಲುಂಗುರ ತಿರುವುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಇನ್ನು ಮರ್ಯಾದೆ ಸಾಕು, ಇವತ್ತು ಈ ಗಾಡಿ ಯಾಕೆ ಕುದಿಯುತ್ತದೆ ಎಂಬುದನ್ನು ಎಲ್ಲರ ಕಣ್ಣೆದುರು ತೋರಿಸಿಯೇ ಬಿಡುತ್ತೇನೆ ಎಂದು ಅಂಗಿ ಬಿಚ್ಚಿ ಜೀಪಿನ ಕನ್ನಡಿಗೆ ತೂಗುಹಾಕಿದೆ. ಬೀಗರು, "ಬೀಗ್ರ, ಕೈ ಹೊಲಸಾಗ್ತಾವ" ಎನ್ನುತ್ತ ಬಂದರು. "ಆಗಲ್ರಿ. ಹೊಲಸ ಆಗಾಕs ಹುಟ್ಟ್ಯಾವ ಇವು" ಎಂದೆ.

ಗ್ಯಾರೇಜಿನ ಅಂಗಳ

ಇಂಜಿನ್ ಆರುವ ತನಕ ಮಿಸ್ತ್ರಿಗೆ ಕೆಲಸವಿಲ್ಲ. ಗ್ಯಾರೇಜಿನ ದಾಯಿ ಎಲ್ಲರಿಗೂ ಚಹಾ ಕೊಟ್ಟು, ಬೇಕಾದ ಪಾನಾ ತೆಗೆದುಕೊಳ್ಳಿ ಎಂದು ಪೆಟ್ಟಿಗೆಯನ್ನೇ ನನ್ನ ಮುಂದೆ ಇಟ್ಟ. ಅಷ್ಟರಲ್ಲಿ ಕೆಳಗಿನಿಂದ ಬಂದ ಬಸ್ಸಿನಿಂದ ಒಬ್ಬ ಹೆಣ್ಣುಮಗಳು ಇಳಿದಳು. ಗಂಡನ ಮನೆಯಿಂದ ತವರಿಗೆ ಬಂದ ಅವನ ಮಗಳು. ದಾಯಿ ಕೈ ಒರೆಸಿಕೊಂಡು ಹೋದ, ನಾನು ಅಪ್ಪಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಬಗ್ಗಿ ಅವಳ ಕಾಲಿಗೆ ಹಣೆ ಮುಟ್ಟಿಸಿದ. ಅವಳು ನಾಚಿಕೊಳ್ಳಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ತಂದೆ ಹೀಗೆ ಮಾಡುವುದು ದಿನದ ಮಾತು ಎಂಬಂತೆ ನಿಂತು, ಆಮೇಲೆ ಚೀಲ ಹೊತ್ತು ಒಳಗೆ ಹೋದಳು.

"ಮಗಳಿಗೆ ನೀವ್ಯಾಕೆ ನಮಸ್ಕಾರ ಮಾಡುವುದು?" ಎಂದು ನನ್ನ ಹಿಂದಿಯಲ್ಲಿ ಕೇಳಿದೆ. ನಮ್ಮಲ್ಲಿ ಹೀಗೇ, ಹೆಣ್ಣುಮಕ್ಕಳು ಪೂಜೆಗೆ ಸಲ್ಲುವವರು ಎಂದ. ನನ್ನ ಪ್ರಶ್ನೆಯೇ ಅವನಿಗೆ ವಿಚಿತ್ರವಾಗಿ ಕಂಡಿತು.

ಲಗಮವ್ವ ಸೆರಗು ಬಾಯಿಗಿಟ್ಟು, "ಯವ್ವಾ, ಇದೇನ ದೇಶಾನೋ! ಅಪ್ಪ ಮಗಳ ಕಾಲಿಗೆ ಬೀಳೂದಾ?" ಎಂದು ನಕ್ಕರು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ತಂದೆ ಕಾಲು ತೊಳೆಯುತ್ತಾನೆ, ಅಳಿಯನದು. ನಾನೂ ತೊಳೆದಿದ್ದೆ, ಸಂತೋಷದಿಂದಲೇ. ಒಂದೇ ದೇವರಿಗೆ ಕೈ ಮುಗಿಯುವ ಎರಡು ದೇಶಗಳಲ್ಲಿ ಹೆಣ್ಣಿನ ಕಾಲಿಗೆ ಎಷ್ಟು ಬೇರೆ ಬೇರೆ ಬೆಲೆ ಎನಿಸಿತು.

ಇಂಜಿನ್ ಆರಿದ ಮೇಲೆ ಶುರು ಮಾಡಿದೆ. ಬಟ್ಟೆ ಹಿಡಿದು ಮುಚ್ಚಳ ತೆಗೆದೆ, ಅದರ ರಬ್ಬರು ಗಟ್ಟಿಯಾಗಿತ್ತು. ಆಯಿಲ್ ಕಡ್ಡಿ ಎಳೆದೆ, ಆಯಿಲಿಗೆ ನೀರು ಸೇರಿ ಹಾಲಿನ ಬಣ್ಣ ಬಂದಿರಲಿಲ್ಲ. ನೀರು ತುಂಬಿಸಿ ಇಂಜಿನ್ ಚಾಲೂ ಮಾಡಿಸಿ ನೋಡಿದೆ, ಗುಳ್ಳೆ ಏಳಲಿಲ್ಲ. ಅಂದರೆ ಹೆಡ್ಡು, ಗ್ಯಾಸ್ಕೆಟ್ಟು ಉಳಿದಿವೆ. ಬಿಸಿ ಏರಿದ ಮೇಲೆ ಮೇಲಿನ ಹೋಸ್ ಮುಟ್ಟಿದೆ, ಸುಡುತ್ತಿತ್ತು. ಕೆಳಗಿನದು ಮುಟ್ಟಿದೆ, ಅದೂ ಸುಡುತ್ತಿತ್ತು. ಕೆಳಗಿನದು ತಣ್ಣಗಿದ್ದರೆ ನೀರು ಸುತ್ತುತ್ತಿಲ್ಲ, ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕಚ್ಚಿಕೊಂಡಿದೆ ಎನ್ನಬಹುದಿತ್ತು. ಎರಡೂ ಸುಟ್ಟರೆ ನೀರು ಸುತ್ತುತ್ತಿದೆ, ಆದರೆ ರೇಡಿಯೇಟರಿನೊಳಗೆ ಹೋದ ಬಿಸಿ ಬಿಸಿಯಾಗಿಯೇ ಹೊರಗೆ ಬರುತ್ತಿದೆ. ಅದಕ್ಕೆ ಗಾಳಿ ಸಿಗುತ್ತಿಲ್ಲ.

ದಾಯಿಯ ಹತ್ತಿರ ಹಳೆಯ ಪತ್ರಿಕೆಯ ಒಂದು ಹಾಳೆ ಇಸಿದುಕೊಂಡು ಜೀಪಿನ ಮುಂದಿನ ಜಾಲರಿಗೆ ಹಿಡಿದೆ. ಒಳಗೆ ಫ್ಯಾನು ತಿರುಗುವಾಗ ಗಾಳಿ ಎಳೆದು ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಕೈ ಬಿಟ್ಟೆ. ಕಾಗದ ನೆಟ್ಟಗೆ ನನ್ನ ಕಾಲ ಮೇಲೆ ಬಿತ್ತು.

"ನೋಡ್ರಿ ಬೀಗ್ರ" ಎಂದೆ. "ಗಾಡಿ ಉಸರಾಡವಲ್ದು. ಯಾರೋ ಮೂಗು ಕಟ್ಟ್ಯಾರ."

ಜಾಲರಿಯ ಸ್ಕ್ರೂ ಬಿಚ್ಚಲು ಕೂತೆ. ಆಗ ಮಗಳು ಎದ್ದು ಬಂದಳು. "ಯಪ್ಪಾ, ಅದನ್ನ ಬಿಚ್ಚಬ್ಯಾಡ" ಎಂದಳು. ಅಷ್ಟರಲ್ಲಿ ಜಾಲರಿ ಕೈಗೆ ಬಂದಿತ್ತು.

ರೇಡಿಯೇಟರಿನ ಮುಂದೆ, ಮುಕ್ಕಾಲು ಭಾಗ ಮುಚ್ಚುವ ಹಾಗೆ, ಮಡಚಿದ ಕರಿ ಕಂಬಳಿ. ದ್ರಾಕ್ಷಿ ಚಪ್ಪರದ ತಂತಿಯಿಂದ ಮೂಲೆ ಮೂಲೆಗೂ ಬಿಗಿದು ಕಟ್ಟಿದ್ದರು. ಮಡಿಕೆಯಲ್ಲಿ ಭಂಡಾರದ ಅರಿಶಿನ, ಒಣಗಿದ ನಿಂಬೆಹಣ್ಣು.

"ಯಾರ ಕಟ್ಟಿದ್ದು?"

ಅಳಿಯ ತನ್ನ ಬೂಟು ನೋಡಿಕೊಂಡ. "ನಾನs ಕಟ್ಟೀನಿ ಯಪ್ಪಾ" ಎಂದಳು ರೇಣುಕಾ. "ಅತ್ತ್ಯಾರು ಹೇಳಿದ್ರು. ನನ್ನ ಕಾಲ್ಗುಣ ಗಾಡಿಗೆ ತಟ್ಟಬಾರ್ದು ಅಂದ್ರ ನನ್ನ ಕೈಲೇನs ಕಟ್ಟಬೇಕಂತ." ಅವಳ ಬೆರಳಿನ ಗೀರು ಯಾವ ತಂತಿಯದು ಎಂದು ನನಗೆ ಆಗ ತಿಳಿಯಿತು.

ಲಗಮವ್ವನ ಕಣ್ಣು ತುಂಬಿತ್ತು. ನಾಟಕವಲ್ಲ, ಖರೇನೇ ತುಂಬಿತ್ತು. "ನಮ್ಮಪ್ಪನ ಹೆಗಲ ಮ್ಯಾಲಿನ ಕಂಬಳಿ ಅದು" ಎಂದರು. "ನನ್ನ ತಮ್ಮ ಗಾಡಿ ಪಲ್ಟಿ ಆಗಿ ಸತ್ತಾನ್ರಿ ಬೀಗ್ರ. ಅವತ್ತಿಂದ ಗಾಡಿ ಅಂದ್ರ ನನಗ ಎದಿ ನಡಗತೈತಿ. ಇರೂ ಒಬ್ಬ ಮಗಾ ಇದರಾಗ ಅಡ್ಡಾಡ್ತಾನ. ನಾ ಯಾರಿಗೂ ಕೇಡ ಬಗದಿಲ್ಲ. ಕಾವಲಿಗೆ ಕಟ್ಟಿಸೀನಿ."

ಕೆಟ್ಟವರೊಂದಿಗೆ ಜಗಳ ಸುಲಭ. ಹೆದರಿದವರೊಂದಿಗೆ ಏನು ಜಗಳ ಆಡುವುದು? ಆದರೂ ಹೇಳಿದೆ. "ಅಕ್ಕಾರ, ತಿಕೋಟಾದಾಗ ಕುದ್ದದ್ದು ಕ್ಲಿಪ್ಪಿಗೆ. ಇಲ್ಲಿ ಕುದ್ದದ್ದು ಈ ಕಾವಲಿಗೆ. ನನ್ನ ಮಗಳು ಎರಡರಾಗೂ ಇಲ್ಲ. ಇದನ್ನ ತಗದು ತೋರಸ್ತೀನಿ, ನೀವs ನೋಡ್ರಿ."

ಮಗಳು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಅವರಿಗೆ ಕೇಳದ ಹಾಗೆ ಅಂದಳು: "ಬ್ಯಾಡ ಯಪ್ಪಾ. ಅದು ಇದ್ದಾಗ ಏನಾರ ಆದ್ರ, ದೇವರs ಕಾಯಲಿಲ್ಲ ಅಂತಾರ. ತಗದ ಮ್ಯಾಲ ಏನಾರ ಆದ್ರ, ನನ್ನs ಅಂತಾರ. ಇಂಜಿನ್ ಹೋದ್ರ ಇನ್ನೊಂದು ಹಾಕಬಹುದು."

ನಾನು ಕೇಳಲಿಲ್ಲ. ಖರೇ ಏನೆಂದು ಕಣ್ಣೆದುರು ಬಂದರೆ ಯಾರೂ ಅದನ್ನು ಅಲ್ಲಗಳೆಯುವುದಿಲ್ಲ ಎಂದು ನಂಬಿದವನು ನಾನು. ತಂತಿ ಕತ್ತರಿಸಿದೆ. ಕಂಬಳಿಯನ್ನು ಹಣೆಗೆ ಮುಟ್ಟಿಸಿಕೊಂಡು, ಮಡಚಿ, ಎರಡೂ ಕೈಯಲ್ಲಿ ಲಗಮವ್ವನ ಮಡಿಲಿಗೆ ಇಟ್ಟೆ. ಧಾರೆಯ ನೀರಿನಿಂದ ರೇಡಿಯೇಟರಿನ ರೆಕ್ಕೆಗಳಲ್ಲಿ ಸಿಕ್ಕಿದ್ದ ಉಣ್ಣೆ, ಹುಳು, ಧೂಳು ತೊಳೆದೆ. ದಾಯಿಯ ಹತ್ತಿರ ಇದ್ದ ಕೂಲಂಟು ಬೆರೆಸಿ ತುಂಬಿಸಿದೆ. ಜಾಲರಿ ಮತ್ತೆ ಕೂರಿಸಿ, ಇಂಜಿನ್ ಚಾಲೂ ಮಾಡಿಸಿ ಕಾಗದ ಹಿಡಿದೆ. ಫಟ್ಟೆಂದು ಹೋಗಿ ಜಾಲರಿಗೆ ಅಂಟಿತು. ದಾಯಿ ಚಪ್ಪಾಳೆ ತಟ್ಟಿದ. ಎಷ್ಟು ಹೊತ್ತು ಓಡಿಸಿದರೂ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ.

"ಏನ್ ಕೈಗುಣಾರೀ ನಿಮ್ಮದು!" ಎಂದರು ಬೀಗರು. ಕೈಗುಣವಲ್ಲ, ಗಾಳಿ ಎಂದು ಹೇಳಬೇಕೆನಿಸಿತು.

ಆಗ ಮಗಳಿಗೆ ಹೇಳಿದೆ, "ರೇಣವ್ವಾ, ಮುಂದಿನ ಸೀಟಿನ್ಯಾಗ ಕುಂಡ್ರು. ಒಂದು ಸುತ್ತು ಏರಿ ಇಳದು ಬರೂಣು. ಎಲ್ಲಾರೂ ಮುಳ್ಳು ನೋಡ್ಲಿ."

ಅವಳು ಹತ್ತಲಿಲ್ಲ. ಲಗಮವ್ವ ಮಡಿಲಿನ ಕಂಬಳಿಯನ್ನು ಅವುಚಿಕೊಂಡು, "ದೇವರ ಪರೀಕ್ಷಾ ಮಾಡ್ತೀರೇನ್ರಿ?" ಎಂದರು. ಬೀಗರು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೆಗಲ ಮೇಲೆ ಕೈ ಇಟ್ಟರು. ದನಿ ಎಂದಿನಂತೆ ಮೆತ್ತಗಿತ್ತು.

"ಬೀಗ್ರ, ತಪ್ಪ ತಿಳ್ಕೋಬ್ಯಾಡ್ರಿ. ಕಾವಲ ತಗದ ಮ್ಯಾಲ ನಮ್ಮಾಕಿ ಜೀವಕ್ಕ ಸಮಾಧಾನ ಇಲ್ಲ. ಊರಿಗೆ ಹೋಗಿ ಏನರ ಶಾಂತಿ ಮಾಡ್ಸೂತನಾ ಸೊಸಿ ಈ ಗಾಡಿ ಹತ್ತೂದು ಬ್ಯಾಡ. ನೀವು ತಂದಿ ಮಗಳು ಬಸ್ಸಿಗೆ ಬರ್ರಿ. ಪೋಖರಾದಾಗ ಕೂಡೂಣು."

ನಾನು ಅಳಿಯನ ಕಡೆ ನೋಡಿದೆ. ಅವನು ಜಾಲರಿಯ ಸ್ಕ್ರೂ ಬಿಗಿಯುತ್ತಿದ್ದ, ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಮತ್ತೆ ಮತ್ತೆ.

ಪೋಖರಾ ಬಸ್ಸು

ಜೀಪು ಏರಿನಲ್ಲಿ ಹಗುರಾಗಿ ಹೋಯಿತು. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಇಂಜಿನ್ ಸುಖವಾಗಿದೆ. ನನ್ನ ಕೈಯಿಂದ ಆದ ಎಷ್ಟೋ ಕೆಲಸಗಳಲ್ಲಿ ಅಷ್ಟು ಚೊಕ್ಕವಾದದ್ದು ಕಡಿಮೆ. ದಾಯಿ ಒಂದು ಬಸ್ಸಿಗೆ ಕೈ ಅಡ್ಡ ಹಿಡಿದು ನಮ್ಮಿಬ್ಬರನ್ನು ಹತ್ತಿಸಿದ.

ಆ ದಾರಿಯ ಚೆಲುವನ್ನು ಬರೆಯಬೇಕು, ಬರೆಯುತ್ತೇನೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಭತ್ತದ ಗದ್ದೆ, ಕೆಮ್ಮಣ್ಣು ಬಳಿದ ಮನೆಗಳು, ಡೋಕೋ ಎಂಬ ಬುಟ್ಟಿಯನ್ನು ಹಣೆಯ ಪಟ್ಟಿಗೆ ಕಟ್ಟಿ ಬೆನ್ನ ಮೇಲೆ ಹೊತ್ತು ಏರುವ ಹೆಂಗಸರು. ನಮ್ಮ ಹೆಂಗಸರು ತಲೆಯ ಮೇಲೆ ಹೊರುತ್ತಾರೆ, ಅವರು ಹಣೆಯಲ್ಲಿ. ಬಸ್ಸಿನಲ್ಲಿ ಹಾಡು, ಯಾರದೋ ಕಾಲ ಬಳಿ ಎರಡು ಕೋಳಿ. ರೇಣುಕಾ ಕಿಟಕಿಗೆ ತಲೆ ಆನಿಸಿ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಒಂದು ರೊಟ್ಟಿಯನ್ನು ಪೂರಾ ತಿಂದಳು. ಅಷ್ಟಕ್ಕೇ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು, ಅಷ್ಟರಲ್ಲಿ ಫೋನು ಬಂತು.

ಬೀಗರು. ದನಿಯಲ್ಲಿ ಹಬ್ಬ. "ಬೀಗ್ರ, ಪೋಖರಾ ಬಂತು ನೋಡ್ರಿ! ಅಷ್ಟೆಲ್ಲಾ ಏರು ಹತ್ತೀವಿ, ಮುಳ್ಳು ಜಗ್ಗವಲ್ದು! ಮಂಜಿನಂಗ ತಣ್ಣಗ ಐತಿ ಗಾಡಿ!"

ಅವರ ಹಿಂದಿನಿಂದ ಲಗಮವ್ವನ ದನಿ ಕೇಳಿತು. ಸಿಟ್ಟಿಲ್ಲ, ಹಗುರಾದ ದನಿ, ಭಾರ ಇಳಿಸಿಟ್ಟವರ ದನಿ. "ನಾ ಹೇಳಿದ್ದಿಲ್ಲೇನು? ಆಕಿ ಇಳದ ಮ್ಯಾಲ ಹೆಂಗ ಓಡ್ತು."

ಫೋನು ಇಟ್ಟೆ. ಗ್ಯಾರೇಜಿಗೆ ಬರುವ ಪ್ರತಿಯೊಬ್ಬ ಹೊಸಬನಿಗೂ ನಾನು ಮೊದಲ ದಿನ ಹೇಳುವುದು ಒಂದೇ ಮಾತು. ಒಮ್ಮೆಗೆ ಒಂದನ್ನೇ ಬದಲಿಸು, ಓಡಿಸಿ ನೋಡು, ಆಮೇಲೆ ಇನ್ನೊಂದಕ್ಕೆ ಕೈ ಹಾಕು. ಎರಡನ್ನು ಕೂಡಿಯೇ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಆ ಏರಿನಲ್ಲಿ ಜೀಪಿನಿಂದ ಎರಡು ಇಳಿದಿದ್ದವು, ಕಂಬಳಿ ಮತ್ತು ನನ್ನ ಮಗಳು. ಕಂಬಳಿಯನ್ನು ಇಳಿಸಿದವನು ನಾನು. ಮಗಳು ಇಳಿಯುವ ಹಾಗೆ ಮಾಡಿದ್ದೂ ಅದೇ ಕೈ. ಇನ್ನು ಆ ಗಾಡಿ ಎಷ್ಟು ತಣ್ಣಗೆ ಓಡಿದರೆ ಅಷ್ಟು ಗಟ್ಟಿಯಾಗಿ ಅವಳ ಮೇಲೆ ಸಾಕ್ಷಿ ಹೇಳುತ್ತದೆ.

"ಏನಂದ್ರು ಮಾವಾರು?" ಎಂದಳು.

"ಗಾಡಿ ಚಲೋ ಓಡೇತಂತ."

ಅವಳು ನನ್ನ ಕಡೆ ತಿರುಗಿ, "ಯಪ್ಪಾ, ಖರೇ ಹೇಳು. ಬರೇ ಕಂಬಳಿ ತಗದಿದ್ದಕ್ಕs ತಣ್ಣಗಾತೇನು?" ಎಂದು ಕೇಳಿದಳು.

ನಾನು ಹೇಳಿದೆ. ರೇಡಿಯೇಟರಿನೊಳಗೆ ನೀರು ಹೇಗೆ ಸುತ್ತುತ್ತದೆ, ಗಾಳಿ ಹೇಗೆ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ಬಯಲಿನಲ್ಲಿ ಯಾಕೆ ತಡೆಯಿತು, ಏರಿನಲ್ಲಿ ಯಾಕೆ ಕುದಿಯಿತು, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಬೆರಳಿನಿಂದ ಸೀಟಿನ ಬೆನ್ನಿನ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ಪೂರಾ ಕೇಳಿದಳು, ಒಂದು ಕಡೆಯೂ ತಡೆಯಲಿಲ್ಲ. ಹೇಳಿ ಮುಗಿಸಿದ ಮೇಲೆ ನನ್ನ ಕೈ ಹಿಡಿದುಕೊಂಡು, ಹಟ ಹಿಡಿದ ಮಗುವನ್ನು ರಮಿಸುವ ದನಿಯಲ್ಲಿ, "ಹೌದು ಬಿಡು ಯಪ್ಪಾ, ನೀ ಹೇಳಿದಂಗs ಇರಬೇಕು" ಎಂದಳು.